ಒಂದೆಲಗದ ಚರಿತ್ರೆ: ಕುಷ್ಠಾಶ್ರಮದಿಂದ ಸೌಂದರ್ಯದಂಗಡಿಗೆ

ಪಟ್ಟಣದ ಔಷಧಿ ಅಂಗಡಿಗಳಲ್ಲಿ, ಸೌಂದರ್ಯ ಸಾಮಗ್ರಿಗಳ ಮಳಿಗೆಗಳಲ್ಲಿ ಕಳೆದ ಕೆಲವು ವರ್ಷಗಳಿಂದ ‘ಸಿಕಾ’ ಎಂಬ ಪುಟ್ಟ ಪದವೊಂದು ಕಣ್ಣಿಗೆ ಬೀಳುತ್ತಿದೆ. ಕೆಂಪೇರಿದ ಚರ್ಮಕ್ಕೆ ತಂಪು, ಉರಿಗೆ ಶಮನ, ಬಿಸಿಲು ಧೂಳಿನಿಂದ ರಕ್ಷಣೆ ಎಂದೆಲ್ಲ ಅದರ ಕೆಳಗೆ ಬರೆದಿರುತ್ತಾರೆ. ಇಂಥ ಕ್ರೀಮುಗಳು ಹೆಚ್ಚಾಗಿ ದಕ್ಷಿಣ ಕೊರಿಯಾದಿಂದಲೋ ಫ್ರಾನ್ಸಿನಿಂದಲೋ ಬಂದವು, ಇಲ್ಲವೇ ಅವನ್ನು ನೋಡಿ ಇಲ್ಲಿ ತಯಾರಾದವು. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ‘ಸೆಂಟೆಲ್ಲಾ ಏಷಿಯಾಟಿಕಾ’ ಎಂಬ ಗಿಡದ ಹೆಸರು ಸಿಗುತ್ತದೆ. ಇದು ನಮ್ಮ ಒಂದೆಲಗ.

ಮಲೆನಾಡು ಮತ್ತು ಕರಾವಳಿಯವರಿಗೆ ಒಂದೆಲಗವನ್ನು ಪರಿಚಯಿಸಬೇಕಾಗಿಲ್ಲ. ಬಾವಿಕಟ್ಟೆಯ ಬಳಿ, ತೋಟದ ತೋಡಿನ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ ಅದು. ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೊಂದೇ ಎಲೆ. ತುಳುವರು ಅದನ್ನು ತಿಮರೆ ಎನ್ನುತ್ತಾರೆ. ತೆಂಗಿನಕಾಯಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ, ಚಟ್ನಿ ಅರೆಯುತ್ತಾರೆ, ಮಕ್ಕಳ ಬುದ್ಧಿ ಚುರುಕಾಗಲೆಂದು ಬೆಳಿಗ್ಗೆ ಎರಡೆಲೆ ತಿನ್ನಿಸುತ್ತಾರೆ. ತಮಿಳರಿಗೆ ಇದು ವಲ್ಲಾರೈ, ಸಿಂಹಳೀಯರಿಗೆ ಗೊಟುಕೊಲ, ಬಂಗಾಳಿಗಳಿಗೆ ಥಾನ್ಕುನಿ, ಮಲಯ ನಾಡಿನವರಿಗೆ ಪೆಗಾಗ, ಮಡಗಾಸ್ಕರಿನವರಿಗೆ ತಲಪೆತ್ರಕ. ಹಿಂದೂ ಮಹಾಸಾಗರದ ದಂಡೆಯುದ್ದಕ್ಕೂ ಬಡವರ ಅಡುಗೆಮನೆಗೂ ನಾಟಿವೈದ್ಯರ ಚೀಲಕ್ಕೂ ಸಮಾನವಾಗಿ ಸೇರಿದ ಸೊಪ್ಪು.

ಅಂಗಳದ ಈ ಸೊಪ್ಪು ಸೌಂದರ್ಯದ ಡಬ್ಬಿಯನ್ನು ಸೇರಿದ್ದು ಹೇಗೆ? ಜಾಹೀರಾತುಗಳು ಇದಕ್ಕೆ ಒಂದು ಕತೆ ಹೇಳುತ್ತವೆ. ಗಾಯಗೊಂಡ ಹುಲಿಗಳು ಈ ಸೊಪ್ಪಿನ ಮೇಲೆ ಹೊರಳಾಡಿ ಗಾಯ ಮಾಯಿಸಿಕೊಳ್ಳುತ್ತಿದ್ದವಂತೆ, ಅದಕ್ಕೆ ಇದು ‘ಹುಲಿ ಹುಲ್ಲು’ ಆಯಿತಂತೆ. ಕತೆ ಸೊಗಸಾಗಿದೆ. ಆದರೆ ಈ ಸೊಪ್ಪನ್ನು ಆಧುನಿಕ ವೈದ್ಯಶಾಸ್ತ್ರಕ್ಕೆ ತಲುಪಿಸಿದ ಗಾಯಗಳು ಹುಲಿಗಳದ್ದಲ್ಲ, ಮನುಷ್ಯರದ್ದು. ಅದರಲ್ಲೂ ಸಮಾಜ ಊರಿನಿಂದ ಹೊರಗಿಟ್ಟ ಮನುಷ್ಯರದ್ದು. ಒಂದೆಲಗದ ಆಧುನಿಕ ಚರಿತ್ರೆ ಬಹುಪಾಲು ಕುಷ್ಠರೋಗಿಗಳ ಚರಿತ್ರೆ. ‘ಸಿಕಾ’ ಎಂಬ ಪದ ಕೂಡ ಗಾಯ ಮಾಗಿ ಕಲೆಗಟ್ಟುವುದಕ್ಕೆ ಫ್ರೆಂಚರು ಬಳಸುವ ‘ಸಿಕಾಟ್ರಿಸಾಸಿಯೋಂ’ ಎಂಬ ಮಾತಿನ ತುಂಡು. ಡಬ್ಬಿಯ ಹೆಸರಿನಲ್ಲೇ ಗಾಯವಿದೆ. ಆ ಗಾಯ ಯಾರದ್ದೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಗ್ರಂಥಗಳಿಗೆ ಬಂದ ಬಗೆ

ನಮ್ಮ ಹಳೆಯ ವೈದ್ಯಗ್ರಂಥಗಳಿಗೆ ಒಂದೆಲಗ ಹೊಸತಲ್ಲ. ಚರಕಸಂಹಿತೆಯು ‘ಮಂಡೂಕಪರ್ಣಿ’ಯ ರಸವನ್ನು ಬುದ್ಧಿವರ್ಧಕ ರಸಾಯನಗಳ ಸಾಲಿನಲ್ಲಿ ಸೇರಿಸಿದೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಇದರ ಗುಣಗಳನ್ನು ಹೇಳುವಾಗ ಕುಷ್ಠವನ್ನೂ ಹೆಸರಿಸುತ್ತದೆ. ಆದರೆ ಆಯುರ್ವೇದದಲ್ಲಿ ಕುಷ್ಠವೆಂದರೆ ಚರ್ಮರೋಗಗಳ ಒಂದು ದೊಡ್ಡ ವರ್ಗವೇ. ಇಂದು ನಾವು ಕುಷ್ಠರೋಗ ಎನ್ನುವುದು ಅದರಲ್ಲಿ ಒಂದು ಭಾಗ ಮಾತ್ರ. ‘ಬ್ರಾಹ್ಮಿ’ ಎಂಬ ಹೆಸರಿನಲ್ಲೂ ಗೊಂದಲವಿದೆ. ಕೆಲವೆಡೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ, ಕೆಲವೆಡೆ ಬೇರೆಯೇ ಸಸ್ಯವಾದ ನೀರುಬ್ರಾಹ್ಮಿಯನ್ನು. ಯುನಾನಿ ಹಕೀಮರಿಗೂ ಬ್ರಾಹ್ಮಿ ಪರಿಚಿತ ಮೂಲಿಕೆಯೇ.

ಭಾರತದ ಮೂಲಿಕೆಗಳ ತಿಳಿವಳಿಕೆ ಒಂದು ಭಾಷೆಯ, ಒಂದು ಸಮುದಾಯದ ಸೊತ್ತಾಗಿ ಉಳಿದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸಿಕಂದರ್ ಲೋದಿಯ ಕಾಲದಲ್ಲಿ, 1512ರಲ್ಲಿ, ಭುವಾ ಖಾನ್ ಸಂಸ್ಕೃತದ ವೈದ್ಯಗ್ರಂಥಗಳನ್ನು ಆಧರಿಸಿ ‘ಮಅದನುಶ್ಶಿಫಾ’ ಎಂಬ ಪಾರ್ಸಿ ಗ್ರಂಥವನ್ನು ಸಿದ್ಧಪಡಿಸಿದ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ, ರಾಜರ ಚರಿತ್ರೆ ಬರೆದುದಲ್ಲದೆ ಭಾರತೀಯ ವೈದ್ಯಪದ್ಧತಿಯ ಕುರಿತೂ ಪಾರ್ಸಿಯಲ್ಲಿ ಒಂದು ಗ್ರಂಥ ಬರೆದಿದ್ದಾನೆ. ಹಕೀಮ, ವೈದ್ಯ, ಪಂಡಿತ ಇವರ ನಡುವೆ ಗಿಡಮೂಲಿಕೆಯ ವಿಷಯದಲ್ಲಿ ಕೊಡುಕೊಳ್ಳುವಿಕೆ ನಡೆದೇ ಇತ್ತು.

ಯುರೋಪು ಈ ಸೊಪ್ಪನ್ನು ಕಂಡದ್ದು ಹದಿನೇಳನೆಯ ಶತಮಾನದಲ್ಲಿ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಸಸ್ಯಗಳ ಬಗ್ಗೆ ‘ಹೋರ್ತುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥವನ್ನು ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅದು ಅಚ್ಚಾಯಿತು. ಒಂದೆಲಗ ಅದರ ಹತ್ತನೆಯ ಸಂಪುಟದಲ್ಲಿದೆ. ಈ ಗ್ರಂಥದ ಒಂದು ಗುಣವನ್ನು ಮೆಚ್ಚಲೇಬೇಕು. ಮಾಹಿತಿ ಕೊಟ್ಟವರು ಯಾರೆಂದು ಅದು ಹೇಳುತ್ತದೆ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಾಡುವ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಇವರ ಹೇಳಿಕೆಗಳು ಮೊದಲ ಸಂಪುಟದಲ್ಲೇ ಅಚ್ಚಾಗಿವೆ. ಗ್ರಂಥದ ಚಿತ್ರಫಲಕಗಳ ಮೇಲೆ ಗಿಡದ ಹೆಸರನ್ನು ರೋಮನ್ ಲಿಪಿಯ ಜೊತೆಗೆ ಮಲಯಾಳಂ, ಅರಬಿ, ನಾಗರಿ ಲಿಪಿಗಳಲ್ಲೂ ಕೆತ್ತಲಾಗಿದೆ. ಒಂದು ಗಿಡದ ಸುತ್ತ ಎಷ್ಟು ಜನರ ತಿಳಿವಳಿಕೆ ಸೇರಿತ್ತು ಎಂಬುದಕ್ಕೆ ಆ ನಾಲ್ಕು ಲಿಪಿಗಳೇ ಸಾಕ್ಷಿ.

ಅದೇ ಕಾಲದಲ್ಲಿ ಇಂಡೋನೇಶ್ಯದ ಅಂಬೋನ್ ದ್ವೀಪದಲ್ಲಿ ರುಂಫಿಯುಸ್ ಎಂಬ ಸಸ್ಯಶಾಸ್ತ್ರಜ್ಞ, ಕಣ್ಣು ಕಳೆದುಕೊಂಡ ಮೇಲೂ ಛಲ ಬಿಡದೆ ಬರೆಸಿದ ಗ್ರಂಥದಲ್ಲಿ ಇದನ್ನು ‘ಕುದುರೆಯ ಪಾದ’ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದ. ಎಲೆಯ ಆಕಾರ ಗೊರಸಿನಂತಿರುವುದೇ ಕಾರಣ. ಅಲ್ಲಿನ ಜನರ ಮಾತಿನಲ್ಲೂ ಇದಕ್ಕೆ ‘ಕಾಕಿ ಕುಡಾ’, ಅಂದರೆ ಕುದುರೆ ಕಾಲು ಎಂಬ ಹೆಸರಿದೆ. 1753ರಲ್ಲಿ ಲಿನ್ನೇಯಸ್ ಇದಕ್ಕೆ ‘ಹೈಡ್ರೋಕೋಟೈಲ್ ಏಷಿಯಾಟಿಕಾ’ ಎಂದು ಹೆಸರಿಟ್ಟ. 1879ರಲ್ಲಿ ಉರ್ಬಾನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಅದನ್ನು ಸೆಂಟೆಲ್ಲಾ ಕುಲಕ್ಕೆ ಸೇರಿಸಿದ. ಹೆಸರಿನ ‘ಏಷಿಯಾಟಿಕಾ’ ಮಾತ್ರ ಹಾಗೆಯೇ ಉಳಿಯಿತು.

ರೋಗಿಗಳ ಮೇಲಿನ ಪರೀಕ್ಷೆ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಕುಷ್ಠರೋಗಕ್ಕೆ ಕಾರಣವೇನೆಂದು ಯಾರಿಗೂ ಗೊತ್ತಿರಲಿಲ್ಲ. ನಾರ್ವೆಯ ಹ್ಯಾನ್ಸನ್ ಅದರ ರೋಗಾಣುವನ್ನು ಗುರುತಿಸಿದ್ದು 1873ರಲ್ಲಿ. ಅದಕ್ಕೂ ಮೊದಲು ಅದು ವಂಶಪಾರಂಪರ್ಯದ ರೋಗವೆಂದು ಕೆಲವರು, ಪಾಪದ ಫಲವೆಂದು ಹಲವರು ನಂಬಿದ್ದರು. ಮದ್ದು ಇರಲಿಲ್ಲ. ಈ ರೋಗದ ಕ್ರೌರ್ಯ ಇರುವುದು ನರಗಳಿಗೆ ಅದು ಮಾಡುವ ಹಾನಿಯಲ್ಲಿ. ಕೈಕಾಲುಗಳ ಸ್ಪರ್ಶ ಸತ್ತುಹೋಗುತ್ತದೆ. ಕಲ್ಲು ಚುಚ್ಚಿದರೂ ಬೆಂಕಿ ತಾಗಿದರೂ ತಿಳಿಯುವುದಿಲ್ಲ. ನೋವು ತಿಳಿಯದ್ದರಿಂದ ಗಾಯ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ ಗಾಯ ಹುಣ್ಣಾಗುತ್ತದೆ, ಆ ಹುಣ್ಣು ಮಾಯುವುದೇ ಇಲ್ಲ. ಜನ ಹೆದರಿ ದೂರವಿಟ್ಟದ್ದು ಈ ಹುಣ್ಣುಗಳನ್ನು ಕಂಡೇ.

ಮಾರಿಷಸ್ ಆಗ ಬ್ರಿಟಿಷರ ವಸಾಹತು. ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕಾ, ಮಡಗಾಸ್ಕರ್ ಮೂಲದವರೂ 1834ರಿಂದ ಕಬ್ಬಿನ ತೋಟಗಳಿಗೆ ಬಂದಿಳಿದ ಭಾರತದ ಕೂಲಿಗಳೂ ಫ್ರೆಂಚ್ ಮಾತಾಡುವ ಜಮೀನ್ದಾರರೂ ಇದ್ದ ದ್ವೀಪ ಅದು. ಅಲ್ಲಿನ ವೈದ್ಯ ಬ್ವಾಲೋ ಎಂಬವರು ಸ್ವತಃ ಕುಷ್ಠರೋಗಕ್ಕೆ ತುತ್ತಾದವರು. 1852ರ ಸುಮಾರಿಗೆ ಅವರು ಈ ಸೊಪ್ಪನ್ನು ತಾವೂ ತೆಗೆದುಕೊಂಡು, ಇದು ಕುಷ್ಠರೋಗಕ್ಕೆ ಮದ್ದಾಗಬಲ್ಲದೆಂದು ವೈದ್ಯಲೋಕದ ಗಮನ ಸೆಳೆದರು. ಎಲ್ಲರಂತೆ ದೂರ ನಿಂತು ರೋಗಿಗಳನ್ನು ನೋಡದೆ, ರೋಗಿಯಾಗಿಯೇ ಮದ್ದನ್ನು ಹುಡುಕಿದ ವೈದ್ಯ ಅವರು.

ಸುದ್ದಿ ಬೇಗ ಹರಡಿತು. 1855ರಲ್ಲಿ ಪಾಂಡಿಚೇರಿಯಲ್ಲಿದ್ದ ಫ್ರೆಂಚ್ ನೌಕಾಪಡೆಯ ಔಷಧತಜ್ಞ ಲೆಪೀನ್ ಸೊಪ್ಪನ್ನು ರಾಸಾಯನಿಕವಾಗಿ ವಿಂಗಡಿಸಿ, ಅದರ ಸಾರವೆಂದು ತಾನು ಭಾವಿಸಿದ ವಸ್ತುವಿಗೆ ‘ವೆಲ್ಲರಿನ್’ ಎಂದು ಹೆಸರಿಟ್ಟ. ತಮಿಳಿನ ವಲ್ಲಾರೈ ಹೀಗೆ ಫ್ರೆಂಚ್ ರಸಾಯನಶಾಸ್ತ್ರವನ್ನು ಪ್ರವೇಶಿಸಿತು. ಅದೇ ಸುಮಾರಿಗೆ ಮದ್ರಾಸಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಡಾಕ್ಟರ್ ಹಂಟರ್ ಅಲ್ಲಿನ ರೋಗಿಗಳಿಗೆ ಈ ಮದ್ದನ್ನು ಕೊಟ್ಟು ನೋಡಿದರು. ಅವರ ತೀರ್ಮಾನ ಪ್ರಾಮಾಣಿಕವಾಗಿತ್ತು. ಇದು ಕುಷ್ಠರೋಗವನ್ನು ಗುಣಪಡಿಸುವ ಮದ್ದಲ್ಲ, ಆದರೆ ರೋಗಿಯ ಲಕ್ಷಣಗಳನ್ನು ಕಡಿಮೆ ಮಾಡಿ ದೇಹಸ್ಥಿತಿಯನ್ನು ಸುಧಾರಿಸುತ್ತದೆ ಎಂದರು. 1868ರಲ್ಲಿ ವೇರಿಂಗ್ ಸಂಪಾದಿಸಿದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಒಂದೆಲಗಕ್ಕೆ ಅಧಿಕೃತ ಔಷಧದ ಸ್ಥಾನ ದೊರೆಯಿತು. ಶತಮಾನದ ಕೊನೆಗೆ ಡಿಮಾಕ್ ಮತ್ತು ಸಂಗಡಿಗರು ತಮ್ಮ ಔಷಧಕೋಶದಲ್ಲಿ, ಕೊಂಕಣದಲ್ಲಿ ತೊದಲು ಮಾತಿನ ಮಕ್ಕಳಿಗೆ ಬೆಳಿಗ್ಗೆ ಒಂದೆರಡು ಎಲೆ ಕೊಡುವ ರೂಢಿಯನ್ನೂ ಚರ್ಮದ ಮೇಲೇಳುವ ದದ್ದುಗಳಿಗೆ ಅದರ ರಸ ಹಚ್ಚುವುದನ್ನೂ ದಾಖಲಿಸಿದರು.

ಬ್ವಾಲೋ, ಲೆಪೀನ್, ಹಂಟರ್, ವೇರಿಂಗ್, ಡಿಮಾಕ್ ಎಂದು ಹೆಸರುಗಳ ಸಾಲು ಇಲ್ಲಿದೆ. ಆದರೆ ಮದ್ರಾಸಿನ ಆಸ್ಪತ್ರೆಯಲ್ಲಿ ಮದ್ದು ಕುಡಿದವರು, ಹುಣ್ಣಿಗೆ ಹಿಟ್ಟು ಕಟ್ಟಿಸಿಕೊಂಡವರು ಯಾರು? ಅವರ ಹೆಸರುಗಳು ಚರಿತ್ರೆಗೆ ಇಳಿಯಲಿಲ್ಲ. ಇನ್ನೂರು ವರ್ಷಗಳ ಹಿಂದೆ ಇಟ್ಟಿ ಅಚ್ಯುತನ್ನರಿಗೆ ಸಿಕ್ಕ ಮನ್ನಣೆ ಈ ರೋಗಿಗಳಿಗೆ ಸಿಗಲಿಲ್ಲ. ಅಷ್ಟೇ ಅಲ್ಲ, 1898ರಲ್ಲಿ ಬ್ರಿಟಿಷ್ ಸರಕಾರ ‘ಲೆಪರ್ಸ್ ಆಕ್ಟ್’ ಎಂಬ ಕಾನೂನು ತಂದಿತು. ನಿರ್ಗತಿಕ ಕುಷ್ಠರೋಗಿಯನ್ನು ಪೊಲೀಸರು ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು. ರೋಗವೇ ಅಪರಾಧದಂತಾಯಿತು. ಸ್ವಾತಂತ್ರ್ಯ ಬಂದು ಎಷ್ಟೋ ದಶಕಗಳಾದ ಮೇಲೆ, 2016ರಲ್ಲಿ, ಸಂಸತ್ತು ಈ ಕಾನೂನನ್ನು ರದ್ದುಪಡಿಸಿತು. ಸಂಗಾತಿಗೆ ಕುಷ್ಠರೋಗವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗಬಾರದೆಂದು ಕಾನೂನು ತಿದ್ದುಪಡಿಯಾದದ್ದು 2019ರಲ್ಲಿ.

ಮಡಗಾಸ್ಕರಿನ ತಲಪೆತ್ರಕ

ಒಂದೆಲಗದ ಕತೆಯ ಮುಂದಿನ ಅಧ್ಯಾಯ ನಡೆದದ್ದು ಸಮುದ್ರದಾಚೆಗಿನ ಮಡಗಾಸ್ಕರ್ ದ್ವೀಪದಲ್ಲಿ. 1896ರಲ್ಲಿ ಫ್ರಾನ್ಸಿನ ವಸಾಹತಾದ ಆ ದ್ವೀಪದಲ್ಲಿ ಒಂದೆಲಗ ಹೇರಳವಾಗಿ ಬೆಳೆಯುತ್ತದೆ. ಅಲ್ಲಿನ ಜನರೂ ಅದನ್ನು ಗಾಯಕ್ಕೆ ಬಳಸುತ್ತಿದ್ದರು. 1941ರಲ್ಲಿ ಬೊಂತೆಂ ಎಂಬ ಫ್ರೆಂಚ್ ವಿಜ್ಞಾನಿ ಮಡಗಾಸ್ಕರಿನ ಗಿಡದಿಂದ ಒಂದು ಶುದ್ಧ ವಸ್ತುವನ್ನು ಬೇರ್ಪಡಿಸಿದ. ಅದೇ ‘ಏಷಿಯಾಟಿಕೋಸೈಡ್’. ಇಂದು ಕ್ರೀಮುಗಳ ಜಾಹೀರಾತಿನಲ್ಲಿ ಕಾಣುವ ಹೆಸರು ಅದು.

ಪಿಯೆರ್ ಬ್ವಾತೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು ಈ ವಸ್ತುವನ್ನು ಕುಷ್ಠರೋಗದ ಚಿಕಿತ್ಸೆಗೆ ಬಳಸಲು ಶ್ರಮಿಸಿದರು. ರೋಗಾಣುವಿನ ಸುತ್ತಲಿರುವ ಮೇಣದಂಥ ಪೊರೆಯನ್ನು ಇದು ಕರಗಿಸುತ್ತದೆಂದು ಆಗ ಅವರು ಭಾವಿಸಿದ್ದರು. 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ವಾತೋ, ಬುಜಾಸ್, ಲೆದೆರೆರ್ ಮತ್ತು ಜೂಡಿತ್ ಪೊಲೋನ್ಸ್ಕಿ ಈ ಬಗ್ಗೆ ಬರೆದರು. ಬ್ವಾತೋ ಬರೇ ಸಸ್ಯವಿಜ್ಞಾನಿಯಲ್ಲ. ವಸಾಹತು ಆಡಳಿತದ ಕಾಲದಲ್ಲೇ, 1958ರಲ್ಲಿ, ಮಡಗಾಸ್ಕರನ್ನು ಒಂದು ರಾಷ್ಟ್ರವೆಂದು ಕರೆದು ಅದರ ಚರಿತ್ರೆಯನ್ನು ಪುಸ್ತಕವಾಗಿ ಪ್ರಕಟಿಸಿದವರು.

ಅವರ ಸಹವರ್ತಿ ಆಲ್ಬರ್ಟ್ ರಕೋತೋ ರಾತ್ಸಿಮಮಂಗ ಮಡಗಾಸ್ಕರಿನವರೇ. 1907ರಲ್ಲಿ ಹುಟ್ಟಿದ ಅವರು ವೈದ್ಯ, ಜೀವರಸಾಯನ ವಿಜ್ಞಾನಿ. 1957ರಲ್ಲಿ ತಮ್ಮ ದೇಶದ ಗಿಡಮೂಲಿಕೆಗಳ ಅಧ್ಯಯನಕ್ಕಾಗಿಯೇ ಒಂದು ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1960ರಲ್ಲಿ ದೇಶ ಸ್ವತಂತ್ರವಾದಾಗ ಫ್ರಾನ್ಸಿಗೆ ಮಡಗಾಸ್ಕರಿನ ಮೊದಲ ರಾಯಭಾರಿಯಾದರು. 2001ರಲ್ಲಿ ನಿಧನರಾದರು. ನಾಟಿವೈದ್ಯರ ತಿಳಿವಳಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ಕಣ್ಣು ಮುಚ್ಚಿ ನಂಬದೆ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಒಪ್ಪಬೇಕಾದುದನ್ನು ಒಪ್ಪಿದ ವಿದ್ವಾಂಸರು ಅವರು. 1956ರಲ್ಲಿ ಬ್ವಾತೋ ಮತ್ತು ರಾತ್ಸಿಮಮಂಗ, ಕುಷ್ಠರೋಗದ ಹುಣ್ಣು, ಚರ್ಮದ ಕ್ಷಯ ಮುಂತಾದ ಮಾಯದ ಗಾಯಗಳನ್ನು ಮಾಗಿಸಲು ಏಷಿಯಾಟಿಕೋಸೈಡ್ ಹೇಗೆ ನೆರವಾಗುತ್ತದೆಂದು ಪ್ರಕಟಿಸಿದರು.

ಇಲ್ಲಿ ಚರಿತ್ರೆಯ ಒಂದು ತಿರುವಿದೆ. ಏಷಿಯಾಟಿಕೋಸೈಡ್ ಸಿಕ್ಕ 1941ರಲ್ಲೇ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಪ್ರೋಮಿನ್ ಎಂಬ ಸಲ್ಫೋನ್ ಔಷಧದ ಪ್ರಯೋಗ ಆರಂಭವಾಯಿತು. ಅದರ ಬೆನ್ನಿಗೆ ಡ್ಯಾಪ್ಸೋನ್ ಮಾತ್ರೆ ಬಂತು. ರೋಗಾಣುವನ್ನು ನಿಜಕ್ಕೂ ಹಿಮ್ಮೆಟ್ಟಿಸಿದ್ದು ಈ ಔಷಧಗಳು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠರೋಗ ಪೂರ್ಣ ಗುಣವಾಗುವ ರೋಗವಾಯಿತು. ಹಾಗಾಗಿ ಒಂದೆಲಗ ಕುಷ್ಠರೋಗದ ಮದ್ದಾಗಿ ಸೋತಿತು. ಹಂಟರ್ 1855ರಲ್ಲೇ ಹೇಳಿದ್ದು ಸರಿಯಾಗಿತ್ತು. ಆದರೆ ಆ ಸೋಲಿನ ದಾರಿಯಲ್ಲೇ ಒಂದು ಸತ್ಯ ಕೈಗೆ ಸಿಕ್ಕಿತು. ರೋಗವನ್ನಲ್ಲದಿದ್ದರೂ ಗಾಯವನ್ನು ಮಾಗಿಸುವ ಶಕ್ತಿ ಇದಕ್ಕಿದೆ ಎಂಬುದೇ ಆ ಸತ್ಯ. ಅದನ್ನು ಕಂಡುಕೊಳ್ಳಲು ಕಾರಣರಾದವರು ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿದ ರೋಗಿಗಳು.

ಮುಲಾಮಿನಿಂದ ಕ್ರೀಮಿಗೆ

ಮುಂದೆ ಫ್ರಾನ್ಸಿನಲ್ಲಿ ಈ ಸಾರ ‘ಮದೆಕಾಸ್ಸೋಲ್’ ಎಂಬ ಹೆಸರಿನ ಮುಲಾಮಾಗಿ ಮಾರುಕಟ್ಟೆಗೆ ಬಂತು. ‘ಮದೆಕಾಸ್’ ಎಂಬುದು ಮಡಗಾಸ್ಕರಿನವರಿಗೆ ಫ್ರೆಂಚರು ಬಳಸುತ್ತಿದ್ದ ಹಳೆಯ ಹೆಸರು. ಗಾಯದ ಮುಲಾಮಿನಲ್ಲಿ ಬಳಸುವ ಸಾರದಲ್ಲಿ ಸುಮಾರು 40 ಪಾಲು ಏಷಿಯಾಟಿಕೋಸೈಡ್ ಇರುತ್ತದೆ. ಉಳಿದ 60 ಪಾಲು ಏಷಿಯಾಟಿಕ್ ಮತ್ತು ಮದೆಕಾಸ್ಸಿಕ್ ಎಂಬ ಎರಡು ಆಮ್ಲಗಳು. ಒಂದರ ಹೆಸರಿನಲ್ಲಿ ಏಷ್ಯಾ, ಇನ್ನೊಂದರ ಹೆಸರಿನಲ್ಲಿ ಮಡಗಾಸ್ಕರ್. ನೆಲಗಳ ನೆನಪು ಹೀಗೆ ಅಣುಗಳಲ್ಲಿ ಉಳಿದುಕೊಂಡಿತು.

1970ರಲ್ಲಿ ಈ ಮುಲಾಮು ದಕ್ಷಿಣ ಕೊರಿಯಾಕ್ಕೆ ಹೋಯಿತು. ಅಲ್ಲಿನ ದೊಂಗುಕ್ ಎಂಬ ಔಷಧ ಕಂಪೆನಿ ಅದನ್ನು ಮನೆಮನೆಯ ಗಾಯದ ಮದ್ದಾಗಿಸಿತು. ಮಕ್ಕಳ ಮೊಣಕಾಲು ತರಚಿದರೆ ಹಚ್ಚುವ ಮುಲಾಮು ಅದಾಗಿತ್ತು. 2015ರಲ್ಲಿ ಅದೇ ಕಂಪೆನಿ ಅದೇ ಸಾರವನ್ನು ಮುಖದ ಕ್ರೀಮಾಗಿ ಹೊರತಂದಿತು. ಬೇರೆ ಕಂಪೆನಿಗಳೂ ಹಿಂಬಾಲಿಸಿದವು. ಕೊರಿಯಾದ ಸೌಂದರ್ಯ ಸಾಮಗ್ರಿಗಳ ಜೊತೆಗೆ ‘ಸಿಕಾ’ ಜಗತ್ತೆಲ್ಲ ಸುತ್ತಿ ನಮ್ಮ ಅಂಗಡಿಗಳಿಗೂ ಬಂತು.

ಈ ಕ್ರೀಮುಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ? ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. 1990ರಲ್ಲಿ ಫ್ರಾನ್ಸಿನ ಮಕಾರ್ ಮತ್ತು ಸಂಗಡಿಗರು, ಒಂದೆಲಗದ ಸಾರವು ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಜೀವಕೋಶಗಳಲ್ಲಿ ಹೆಚ್ಚಿಸುತ್ತದೆಂದು ತೋರಿಸಿದರು. 1999ರಲ್ಲಿ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶುಕ್ಲಾ, ರಾಸಿಕ್, ಧವನ್ ಎಂಬ ವಿಜ್ಞಾನಿಗಳು ಇಲಿಗಳ ಗಾಯಕ್ಕೆ ಏಷಿಯಾಟಿಕೋಸೈಡ್ ಹಚ್ಚಿ ಪರೀಕ್ಷಿಸಿದರು. ಗಾಯವಾದಲ್ಲಿ, ಬಿಸಿಲಿಗೆ ಸುಟ್ಟಲ್ಲಿ ದೇಹದೊಳಗೆ ಆಮ್ಲಜನಕದ ಕೆಲವು ಉಗ್ರ ರೂಪಗಳು ಹುಟ್ಟಿ ಜೀವಕೋಶಗಳನ್ನು ಹಾಳುಮಾಡುತ್ತವೆ. ಅವನ್ನು ತಣಿಸುವ ವಸ್ತುಗಳನ್ನು ಆ್ಯಂಟಿಆಕ್ಸಿಡೆಂಟ್ ಎನ್ನುತ್ತಾರೆ. ಮದ್ದು ಹಚ್ಚಿದ ಗಾಯಗಳಲ್ಲಿ ಇಂಥ ವಸ್ತುಗಳ ಪ್ರಮಾಣ ಮೊದಲ ವಾರದಲ್ಲಿ ಏರಿತ್ತು, ಎರಡನೆಯ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಗಾಯ ಮಾಗುವ ಮೊದಲ ಹಂತದಲ್ಲಿ ಇದರ ನೆರವು ಹೆಚ್ಚು. ಕ್ರೀಮಿನ ಡಬ್ಬಿಯ ಮೇಲಿರುವ ‘ಶಮನಕಾರಿ’, ‘ಆ್ಯಂಟಿಆಕ್ಸಿಡೆಂಟ್’ ಎಂಬ ಎರಡು ಮಾತುಗಳ ಹಿಂದೆ ಇರುವುದು ಇಂಥ ಪ್ರಯೋಗಗಳು.

ಆದರೆ ಇಲಿಯ ಗಾಯದ ಮೇಲೆ ಕಂಡದ್ದು ಮನುಷ್ಯನ ಮುಖದ ಮೇಲೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಮನುಷ್ಯರ ಚರ್ಮದ ಮೇಲೆ ನಡೆದ ಪರೀಕ್ಷೆಗಳು ಹೆಚ್ಚಿನವು ಚಿಕ್ಕವು. ಡಬ್ಬಿಯೊಳಗೆ ಸಾರ ಎಷ್ಟಿದೆ ಎಂಬುದೂ ಕಂಪೆನಿಯಿಂದ ಕಂಪೆನಿಗೆ ಬೇರೆ. ಕೆಲವರಿಗೆ ಇದನ್ನು ಹಚ್ಚಿದರೆ ಅಲರ್ಜಿಯಾಗುವುದೂ ಉಂಟು. ಸಾರವನ್ನು ಮಾತ್ರೆಯಾಗಿ ವಾರಗಟ್ಟಲೆ ನುಂಗಿದ ಮೂವರು ಮಹಿಳೆಯರಿಗೆ ಯಕೃತ್ತಿನ ತೊಂದರೆಯಾದುದನ್ನು 2005ರಲ್ಲಿ ಅರ್ಜೆಂಟೀನಾದ ವೈದ್ಯರು ವರದಿ ಮಾಡಿದ್ದಾರೆ. ಇನ್ನೊಂದು ಮಾತು: ಕೆಸರು ನೆಲದ ಈ ಬಳ್ಳಿ ಮಣ್ಣು ನೀರಿನಲ್ಲಿರುವ ಸೀಸದಂಥ ಲೋಹಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪಟ್ಟಣದ ಚರಂಡಿಯ ಅಂಚಿನಲ್ಲಿ ಸೊಂಪಾಗಿ ಬೆಳೆದಿದೆಯೆಂದು ಕಿತ್ತು ತಂದು ತಂಬುಳಿ ಮಾಡುವುದು ಒಳ್ಳೆಯದಲ್ಲ. ಮನೆಮದ್ದನ್ನು ಗೌರವಿಸುವುದೆಂದರೆ ಅದರ ಮಿತಿಯನ್ನೂ ತಿಳಿದಿರುವುದು.

ಋಣದ ಲೆಕ್ಕ

ಈಗ ಲೆಕ್ಕಕ್ಕೆ ಕೂರೋಣ. ಈ ಸೊಪ್ಪಿನಿಂದ ಲಾಭ ಯಾರಿಗೆ ಬಂತು, ಬೆಲೆ ತೆತ್ತವರು ಯಾರು?

ಲಾಭದಲ್ಲಿ ಪಾಲು ಬೇಕೆಂಬ ಕೂಗು ಜಗತ್ತಿನಲ್ಲಿ ಎದ್ದಿದೆ. ಭಾರತದಲ್ಲಿ 2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂತು. 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದವು, ಒಂದು ನಾಡಿನ ಸಸ್ಯ ಮತ್ತು ತಿಳಿವಳಿಕೆಯಿಂದ ಹಣ ಮಾಡಿದವರು ಆ ನಾಡಿನೊಂದಿಗೆ ಹಂಚಿಕೊಳ್ಳಬೇಕೆನ್ನುತ್ತದೆ. ಆದರೆ ಒಂದೆಲಗದಂಥ ಸೊಪ್ಪಿನ ವಿಷಯದಲ್ಲಿ ಹಂಚಿಕೊಳ್ಳಬೇಕಾದುದು ಯಾರೊಂದಿಗೆ? ಶ್ರೀಲಂಕಾದವರೊಂದಿಗೋ, ಮಡಗಾಸ್ಕರಿನವರೊಂದಿಗೋ, ನಮ್ಮ ಕರಾವಳಿಯವರೊಂದಿಗೋ? ಎಲ್ಲರಿಗೂ ಸೇರಿದ್ದು ಕಡೆಗೆ ಯಾರಿಗೂ ಸೇರದಂತಾಗುತ್ತದೆ. 2023ರ ತಿದ್ದುಪಡಿಯಲ್ಲಿ ನಮ್ಮ ಸರಕಾರ, ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ನೀಡಿತು. ಚರಕಸಂಹಿತೆಯಲ್ಲಿ ಹೆಸರಿರುವ ಒಂದೆಲಗ ಈ ವಿನಾಯಿತಿಯೊಳಗೇ ಬರುವಂಥದು. ಹೀಗಿರುವಾಗ ಗದ್ದೆ ಬದುವಿನಲ್ಲಿ ಕುಳಿತು ಸೊಪ್ಪು ಕೀಳುವ ಹೆಂಗಸಿಗೆ ಈ ಕಾಯಿದೆಯಿಂದ ಏನಾದರೂ ದಕ್ಕುವುದೆಂದು ನಂಬುವುದು ಕಷ್ಟ.

ಆದರೆ ಹಣದ ಲೆಕ್ಕಕ್ಕೆ ಸಿಗದ ಇನ್ನೊಂದು ಋಣವಿದೆ. ಮಾರಿಷಸ್, ಮದ್ರಾಸ್, ಮಡಗಾಸ್ಕರುಗಳ ರೋಗಿಗಳ ಋಣ. ಸಮಾಜ ಅವರ ಮುಖ ನೋಡಲು ಹೇಸಿತು, ಅವರು ಮುಟ್ಟಿದ ಪಾತ್ರೆಯನ್ನು ದೂರ ಎಸೆಯಿತು. ಅವರ ಮೈಮೇಲೆ ಪರೀಕ್ಷೆಯಾದ ಮದ್ದನ್ನು ಮಾತ್ರ ಇಂದು ಮುಖ ಹೊಳೆಯಲೆಂದು ಹಚ್ಚಿಕೊಳ್ಳುತ್ತಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಕುಷ್ಠರೋಗವೇನೂ ಚರಿತ್ರೆಯ ಪುಟ ಸೇರಿಲ್ಲ. 2005ರ ಡಿಸೆಂಬರಿನಲ್ಲಿ ಭಾರತವು, ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗಿದ್ದರಿಂದ, ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನ ಮಾಡಿದ್ದೇವೆಂದು ಘೋಷಿಸಿತು. ಹಾಗಿದ್ದೂ ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. ಚಿಕಿತ್ಸೆ ಉಚಿತವಾಗಿದೆ, ರೋಗ ಗುಣವಾಗುತ್ತದೆ. ಆದರೆ ನಾಚಿಕೆ ಮತ್ತು ಹೆದರಿಕೆಯಿಂದ ಮೊದಲ ಮಚ್ಚೆಯನ್ನು ಬಚ್ಚಿಟ್ಟವರು ನರಗಳು ಸತ್ತ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಮುಟ್ಟಿದರೆ ತಿಳಿಯದ ಬಿಳಚಿದ ಮಚ್ಚೆ ಮೈಮೇಲೆ ಕಂಡರೆ ಕ್ರೀಮು ಹಚ್ಚುತ್ತ ಕೂರದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗುಣವಾಗಿ ಮರಳಿದವರನ್ನು ನಾವು ಮನೆಯೊಳಗೆ, ಮದುವೆ ಮನೆಯೊಳಗೆ, ಪ್ರಾರ್ಥನೆಯ ಸಾಲಿನೊಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಕಾನೂನು 2016ರಲ್ಲಿ ಬದಲಾಯಿತು. ಮನಸ್ಸುಗಳು ಬದಲಾಗುವುದು ಯಾವಾಗ?

ಒಂದೆಲಗದ ಮಟ್ಟಿಗೆ ಹೇಳುವುದಾದರೆ, ಗದ್ದೆಗಳು ಸೈಟುಗಳಾಗುತ್ತಿರುವ, ತೋಟದ ಕಳೆಗೆ ಕಳೆನಾಶಕ ಸಿಂಪಡಿಸುತ್ತಿರುವ ಈ ದಿನಗಳಲ್ಲಿ ಅದು ನಮ್ಮ ಕಾಲ ಕೆಳಗಿನಿಂದಲೇ ಮಾಯವಾಗುತ್ತಿದೆ. ಅಂಗಳದಲ್ಲಿ ಉಳಿಸಿಕೊಳ್ಳಲಾಗದ್ದನ್ನು ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದೇವೆ. ಒಂದು ಕುಂಡ, ಒಂದಿಷ್ಟು ತೇವ, ಅರೆನೆರಳು ಇದ್ದರೆ ಸಾಕು, ಈ ಬಳ್ಳಿ ತಾನಾಗಿಯೇ ಹಬ್ಬುತ್ತದೆ. ಹಾಗೆ ಅದನ್ನು ನೆಟ್ಟವರು ತಮ್ಮ ಮಕ್ಕಳಿಗೆ ತಂಬುಳಿಯ ಜೊತೆಗೆ ಈ ಚರಿತ್ರೆಯನ್ನೂ ಹೇಳಲಿ. ಹುಲಿಯ ಕತೆಯೂ ಇರಲಿ. ಆದರೆ ಹೆಸರು ಉಳಿಯದ ಆ ರೋಗಿಗಳ ಕತೆ ಮೊದಲು ಬರಲಿ.